ಆಟೋಕ್ಯಾಡ್ ಮೆನುಗೆ ಲಿಸ್ಪ್ ಕಮಾಂಡ್ ಸೇರ್ಸಿದೀನಿ, ಒತ್ತಿದ್ರೆ ಓಡ್ತಿಲ್ಲ: ಎಲ್ಲೆಲ್ಲಿ ನೋಡ್ಬೇಕು

ನಾನು ಪ್ರೋಗ್ರಾಮರ್ ಅಲ್ಲ, ಮನೆ ಪ್ಲಾನ್ ಹಾಕೋ ಸಣ್ಣ ಆಫೀಸಲ್ಲಿ ಆಟೋಕ್ಯಾಡ್ (ನಕ್ಷೆ ಹಾಕೋ ಸಾಫ್ಟ್‌ವೇರ್) ಹಿಡ್ಕೊಂಡು ಡ್ರಾಫ್ಟಿಂಗ್ ಮಾಡೋನು. ಸೈಟಿನ ಪಾಲಿಲೈನ್ (ಸುತ್ತಲ ಗಡಿಗೆರೆ) ಮುಟ್ಟಿದ್ರೆ ಸಾಕು, ವಿಸ್ತೀರ್ಣ ಚದರ ಮೀಟರಲ್ಲೂ ಚದರಡೀಲೂ ಮಧ್ಯಕ್ಕೆ ಬಂದು ಕೂರ್ಬೇಕು ಅಂತ ಒಂದು ಚಿಕ್ಕ ಲಿಸ್ಪ್, ಅಂದ್ರೆ ಆಟೋಕ್ಯಾಡ್ ಒಳಗೇ ಓಡೋ ಪುಟ್ಟ ಪ್ರೋಗ್ರಾಂ, ಬರ್ಕೊಂಡೆ (30-40 ಸೈಟು ಅಂದ್ರೆ 111.48 ಚದರ ಮೀಟರ್, 1200 ಚದರಡಿ, ಇದಕ್ಕೆ ದಿನಾ ಕ್ಯಾಲ್ಕುಲೇಟರ್ ಹಿಡಿದು ಸಾಕಾಗಿತ್ತು). ಲಿಸ್ಪ್ ಬರೆಯೋಕೆ ಒಂದು ಮಧ್ಯಾಹ್ನ ಹಿಡೀತು, ಅದನ್ನ ಮೆನುಗೆ ಸೇರ್ಸಿ ಆಫೀಸಿನ ನಾಲ್ಕೂ ಮಷೀನಲ್ಲಿ ಒಂದೇ ಥರ ಓಡೋ ಹಂಗೆ ಮಾಡೋಕೆ ಎರಡು ವಾರ. ಆ ಎರಡು ವಾರದಲ್ಲಿ ಎಡವಿದ ಜಾಗಗಳನ್ನೆಲ್ಲ ಇಲ್ಲಿ ಬರೀತಿದೀನಿ, ಕಣ್ಣಿಗೆ ಏನು ಕಾಣುತ್ತೋ ಅದರ ಮೇಲೆ ಭಾಗ ಮಾಡಿದೀನಿ, ನಿಮ್ಮ ತೊಂದ್ರೆ ಯಾವುದೋ ನೇರ ಅಲ್ಲಿಗೇ ಹೋಗಿ.

ಒಂದು ಮಾತು, ಕೋಡೂ ಕಮಾಂಡ್ ಹೆಸರೂ ಇಲ್ಲಿ ಕನ್ನಡ ಅಕ್ಷರದಲ್ಲೇ ಇರುತ್ತೆ, ಆಟೋಕ್ಯಾಡಲ್ಲಿ ಟೈಪ್ ಮಾಡುವಾಗ ಅದೇ ಉಚ್ಚಾರಣೆಯ ಇಂಗ್ಲಿಷ್ ಅಕ್ಷರ ಹಾಕ್ಕೊಳಿ. ಚಿಹ್ನೆಗಳು ಮಾತ್ರ ಹೇಗಿದ್ಯೋ ಹಾಗೇ. ನನ್ನ ಕಮಾಂಡ್ ಹೆಸರು ಸೈಟ್‌ಏರಿಯಾ, ಉದಾಹರಣೆಗೆಲ್ಲ ಅದನ್ನೇ ಹಿಡ್ಕೊತೀನಿ.

ಏನೇ ತೊಂದ್ರೆ ಇರ್ಲಿ, ಮೊದ್ಲು ಕೈಯಲ್ಲಿ ಟೈಪ್ ಮಾಡಿ ನೋಡಿ

ಮೆನುಲಿರೋ ಬಟನ್‌ಗೆ ಸ್ವಂತ ಬುದ್ಧಿ ಏನೂ ಇಲ್ಲ. ನೀವು ಮ್ಯಾಕ್ರೋ ಜಾಗದಲ್ಲಿ ಬರೆದಿಟ್ಟ ಅಕ್ಷರಗಳನ್ನ ನಿಮ್ಮ ಪರವಾಗಿ ಕಮಾಂಡ್ ಲೈನಲ್ಲಿ ಟೈಪ್ ಮಾಡುತ್ತೆ, ಅಷ್ಟೇ ಅದರ ಕೆಲಸ. ಅದಕ್ಕೇ ಬಟನ್ ಓಡ್ತಿಲ್ಲ ಅಂದ ಕೂಡ್ಲೇ ಸಿಯುಐ (ಮೆನು, ಬಟನ್ ತಿದ್ದೋ ಕಿಟಕಿ) ತೆಗೆದು ಅಲ್ಲಿ ಇಲ್ಲಿ ಕೆರೆಯೋಕೆ ಹೋಗ್ಬೇಡಿ. ಎಸ್ಕೇಪ್ ಎರಡ್ಸಲ ಒತ್ತಿ, ಕಮಾಂಡ್ ಹೆಸರನ್ನ ಕೈಯಲ್ಲೇ ಟೈಪ್ ಮಾಡಿ ಎಂಟರ್ ಕೊಡಿ, ಆಮೇಲೆ ಎಫ್2 ಒತ್ತಿ ಅಲ್ಲಿ ಏನು ಬಂದಿದೆ ಅಂತ ಓದಿ.

ಕೈಯಲ್ಲಿ ಟೈಪ್ ಮಾಡಿದ್ರೆ ಸರಿಯಾಗಿ ಓಡ್ತು ಅಂದ್ರೆ ಲಿಸ್ಪ್ ಚೆನ್ನಾಗಿದೆ, ತಪ್ಪು ಮ್ಯಾಕ್ರೋದಲ್ಲೋ ಮೆನುಲೋ ಇದೆ. 'ಅನ್‌ನೋನ್ ಕಮಾಂಡ್' ಅಂತ ಬಂತು ಅಂದ್ರೆ ಲಿಸ್ಪ್ ಫೈಲು ಆ ಡ್ರಾಯಿಂಗಿಗೆ ಬಂದೇ ಇಲ್ಲ, ಅಥವಾ ಅದರಲ್ಲಿ ಆ ಹೆಸರಿನ ಕಮಾಂಡ್ ಇಲ್ಲ. ಸೆಮಿಕೋಲನ್ ಮುಂದೆ 'ಎರರ್' ಅಂತ ಶುರುವಾಗೋ ಸಾಲು ಬಂತು ಅಂದ್ರೆ ಫೈಲ್ ಬಂದಿದೆ, ಒಳಗಿನ ಕೋಡ್ ಕೈ ಕೊಟ್ಟಿದೆ. ಅರ್ಧ ನಿಮಿಷದ ಕೆಲಸ ಇದು, ನಾನು ಮೊದಲ ವಾರ ಪೂರ್ತಿ ಇದನ್ನ ಮಾಡ್ದೇ ಮೆನು ಅಳಿಸಿ ಅಳಿಸಿ ಹೊಸದಾಗಿ ಮಾಡ್ತಾ ಕೂತಿದ್ದೆ, ತಪ್ಪು ನೋಡಿದ್ರೆ ಲಿಸ್ಪ್ ಫೈಲಿನ ಹೆಸರಲ್ಲಿತ್ತು.

ಮುಂದೆ ಹೋಗೋ ಮುಂಚೆ ಎರಡು ಎಚ್ಚರಿಕೆ. ಸಿಯುಐಗೆ ಕೈ ಹಾಕೋ ಮೊದಲು ನಿಮ್ಮ ಮೆನು, ಬಟನ್ ಎಲ್ಲ ಇರೋ ಸಿಯುಐಎಕ್ಸ್ ಫೈಲಿನ ಒಂದು ಕಾಪಿ ಬೇರೆ ಫೋಲ್ಡರಿಗೆ ಹಾಕಿ (ಮೂಲ ಫೈಲು ಯೂಸರ್ಸ್ ಒಳಗೆ ಆಪ್‌ಡೇಟಾ, ರೋಮಿಂಗ್, ಆಟೋಡೆಸ್ಕ್ ಅಂತ ಹೋಗ್ತಾ ಕೊನೆಗೆ ಸಪೋರ್ಟ್ ಅನ್ನೋ ಫೋಲ್ಡರಲ್ಲಿರುತ್ತೆ, ಆಪ್‌ಡೇಟಾ ವಿಂಡೋಸಲ್ಲಿ ಅಡಗಿಸಿಟ್ಟಿರೋ ಫೋಲ್ಡರು, ವ್ಯೂನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿದ್ರೇ ಕಾಣೋದು). ಇನ್ನೊಂದು, ಹೊಸ ಲಿಸ್ಪ್ ಯಾವುದನ್ನೂ ಪಾರ್ಟಿಗೆ ಕೊಡೋ ಡ್ರಾಯಿಂಗ್ ಮೇಲೆ ಪರೀಕ್ಷೆ ಮಾಡ್ಬೇಡಿ, ಕಾಪಿ ಮೇಲೆ ಮಾಡಿ.

ಮೆನುಲಿ ನನ್ನ ಕಮಾಂಡೇ ಕಾಣ್ತಿಲ್ಲ

ಮೇಲೆ ಫೈಲ್, ಎಡಿಟ್, ವ್ಯೂ ಅಂತ ಸಾಲೇ ಇಲ್ಲ ಅಂದ್ರೆ ಅದು ದೋಷಾನೇ ಅಲ್ಲ. 2009ರ ವರ್ಷನಲ್ಲಿ ರಿಬ್ಬನ್ (ಮೇಲ್ಗಡೆ ಬಟನ್‌ಗಳ ಅಗಲ ಪಟ್ಟಿ) ಬಂದ ಮೇಲೆ ಹಳೇ ಮೆನು ಸಾಲನ್ನ ಮುಚ್ಚಿಟ್ಟಿರ್ತಾರೆ. ಮೆನುಬಾರ್ ಅಂತ ಟೈಪ್ ಮಾಡಿ 1 ಕೊಡಿ, ಬರುತ್ತೆ.

ಸಾಲು ಇದೆ, ನಿಮ್ಮದು ಮಾತ್ರ ಇಲ್ಲ ಅಂದ್ರೆ ಸಿಯುಐ ಕಮಾಂಡ್ ಕೊಟ್ಟು ನೋಡಿ. ಎಡಗಡೆ ಕೆಳಗೆ ಕಮಾಂಡ್‌ಗಳ ಪಟ್ಟಿ ಇರುತ್ತೆ, ಮೇಲೆ ಮರದ ಥರ ಕೊಂಬೆಗಳು ಇರ್ತವೆ. ಹೊಸಬರು ಕೆಳಗಿನ ಪಟ್ಟಿಲಿ ಹೊಸ ಕಮಾಂಡ್ ಮಾಡ್ತಾರೆ, ಹೆಸರು ಕೊಡ್ತಾರೆ, ಮ್ಯಾಕ್ರೋ ಬರೀತಾರೆ, ಓಕೆ ಒತ್ತಿ ಎದ್ದು ಹೋಗ್ತಾರೆ. ಪಟ್ಟಿಲಿ ಇದ್ರೆ ಅದು ಗೋಡೌನಲ್ಲಿ ಇದ್ದ ಹಾಗೆ, ಅಂಗಡಿ ಮುಂದೆ ಬರ್ಬೇಕು ಅಂದ್ರೆ ಅಲ್ಲಿಂದ ಎಳೆದು ಮೇಲಿನ ಮೆನುಸ್ ಅನ್ನೋ ಕೊಂಬೆ ಒಳಗೆ ನಿಮಗೆ ಬೇಕಾದ ಮೆನು ಕೆಳಗೆ ಬಿಡಬೇಕು.

ಅಲ್ಲೂ ಬಿಟ್ಟಿದೀನಿ ಆದ್ರೂ ಕಾಣ್ತಿಲ್ಲ ಅನ್ನೋರು ವರ್ಕ್‌ಸ್ಪೇಸ್ ನೋಡಿ, ಯಾಕಂದ್ರೆ ಪರದೆ ಮೇಲೆ ಯಾವ ಮೆನು ಯಾವ ಟೂಲ್‌ಬಾರ್ ಬರ್ಬೇಕು ಅಂತ ತೀರ್ಮಾನ ಮಾಡೋದೇ ವರ್ಕ್‌ಸ್ಪೇಸು. ಸಿಯುಐಲಿ ನೀವು ಈಗ ಬಳಸ್ತಿರೋ ವರ್ಕ್‌ಸ್ಪೇಸ್ ಮೇಲೆ ಕ್ಲಿಕ್ ಮಾಡಿ, ಬಲಗಡೆ ಕಸ್ಟಮೈಸ್ ವರ್ಕ್‌ಸ್ಪೇಸ್ ಒತ್ತಿ, ನಿಮ್ಮ ಮೆನು ಮುಂದೆ ಟಿಕ್ ಹಾಕಿ ಡನ್ ಕೊಡಿ. ರಿಬ್ಬನ್ನಿಗೆ ಇನ್ನೊಂದು ಮೆಟ್ಟಿಲು ಜಾಸ್ತಿ: ಕಮಾಂಡು ಪ್ಯಾನೆಲ್ ಒಳಗೆ, ಪ್ಯಾನೆಲು ಟ್ಯಾಬ್ ಒಳಗೆ, ಟ್ಯಾಬು ವರ್ಕ್‌ಸ್ಪೇಸ್ ಒಳಗೆ. ಇದರಲ್ಲಿ ಒಂದು ಕೊಂಡಿ ಬಿಟ್ಟೋದ್ರೂ ಏನೂ ಕಾಣಲ್ಲ, ಎರರೂ ಬರಲ್ಲ, ಸುಮ್ನೆ ಖಾಲಿ.

ನಿಮ್ಮದೇ ಬೇರೆ ಸಿಯುಐಎಕ್ಸ್ ಫೈಲ್ ಮಾಡ್ಕೊಂಡಿದ್ರೆ (ಹಾಗೇ ಮಾಡಿ, ಮೂಲ ಆಕಾಡ್ ಸಿಯುಐಎಕ್ಸ್ ಒಳಗೆ ತುಂಬಿದ್ರೆ ಮುಂದೆ ರೀಸೆಟ್ ಮಾಡೋ ದಿನ ನಿಮ್ಮದೂ ಅದರ ಜೊತೆ ಹೋಗುತ್ತೆ) ಸಿಯುಐಲೋಡ್ ಕೊಟ್ಟು ಅದು ಲೋಡ್ ಆಗಿದ್ಯಾ ನೋಡಿ. ಲೋಡ್ ಆಗಲ್ಲ, ಗ್ರೂಪ್ ಆಗ್ಲೇ ಇದೆ ಅಂತ ತಗಾದೆ ತೆಗೆದ್ರೆ ಕಾರಣ ಇಷ್ಟೇ: ಹಳೇ ಫೈಲನ್ನ ಕಾಪಿ ಮಾಡಿ ಹೊರಗಡೆ ಹೆಸರು ಬದಲಾಯಿಸಿದೀರಿ, ಒಳಗಿರೋ ಕಸ್ಟಮೈಸೇಷನ್ ಗ್ರೂಪ್ ಹೆಸರು ಹಳೇದೇ ಇದೆ. ಒಂದೇ ಗ್ರೂಪ್ ಹೆಸರಿನ ಎರಡು ಫೈಲು ಒಟ್ಟಿಗೆ ಇರೋಕೆ ಬಿಡಲ್ಲ. ಹಳೇದನ್ನ ಅನ್‌ಲೋಡ್ ಮಾಡಿ ಆಮೇಲೆ ಹೊಸದು ಲೋಡ್ ಮಾಡಿ.

ಬಟನ್ ಇದೆ, ಕೆಲಸನೂ ಮಾಡುತ್ತೆ, ಚಿತ್ರದ ಜಾಗದಲ್ಲಿ ಮೋಡ, ಅದರ ಮೇಲೆ ಪ್ರಶ್ನಾರ್ಥಕ ಚಿಹ್ನೆ ಅಂದ್ರೆ ಐಕಾನ್ ಫೈಲ್ ಸಿಕ್ಕಿಲ್ಲ ಅಷ್ಟೇ. ಚಿಕ್ಕದು 16ಕ್ಕೆ 16, ದೊಡ್ಡದು 32ಕ್ಕೆ 32 ಪಿಕ್ಸೆಲ್, ಇಮೇಜ್ ಮ್ಯಾನೇಜರ್‌ನಿಂದ ಸಿಯುಐಎಕ್ಸ್ ಒಳಗೇ ಸೇರ್ಸಿಬಿಡಿ, ಮತ್ತೆ ಕಳೆಯಲ್ಲ.

ಒತ್ತಿದ್ರೆ 'ಅನ್‌ನೋನ್ ಕಮಾಂಡ್' ಅನ್ನುತ್ತೆ

ಜಾಸ್ತಿ ಜನ ಸಿಕ್ಕಾಕೊಳ್ಳೋದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಮೊದಲು ನಿಮ್ಮದು ಪೂರ್ತಿ ಆಟೋಕ್ಯಾಡಾ, ಇಲ್ಲ ಸೌಲಭ್ಯ ಕಮ್ಮಿ ಇರೋ ಎಲ್‌ಟಿನಾ ನೋಡ್ಕೊಳಿ. ಎಲ್‌ಟಿಗೆ ಲಿಸ್ಪ್ ಬಂದಿದ್ದೇ 2024ರ ವರ್ಷನಲ್ಲಿ, ಅದಕ್ಕೂ ಹಿಂದಿನ ಎಲ್‌ಟಿಲಿ ನೀವು ತಲೆ ಕೆಳಗಾಗಿ ನಿಂತ್ರೂ ಲಿಸ್ಪ್ ಓಡಲ್ಲ. ಬರೀ ಮ್ಯಾಕ್ರೋ ಓಡುತ್ತೆ, ಹಾಗಾಗಿ ಚಿಕ್ಕ ಪುಟ್ಟ ಕೆಲಸಕ್ಕೆ ಅದನ್ನೇ ಬಳಸ್ಕೊಳಿ.

ಆಮೇಲೆ ಲಿಸ್ಪ್ ಫೈಲ್ ತೆಗೆದು ಡೀಫನ್ (ಫಂಕ್ಷನ್‌ಗೆ ಹೆಸರಿಡೋ ಪದ) ಇರೋ ಸಾಲು ನೋಡಿ. (ಡೀಫನ್ ಸಿ:ಸೈಟ್‌ಏರಿಯಾ ...) ಅಂತ ಇರಬೇಕು. ಆ ಸಿ ಮತ್ತು ಕೋಲನ್ ಇಲ್ದಿದ್ರೆ ಅದು ಬರೀ ಫಂಕ್ಷನ್ನು, ಕಮಾಂಡ್ ಅಲ್ಲ, ಬ್ರಾಕೆಟ್ ಒಳಗೆ ಹಾಕಿ ಕರೆದ್ರೆ ಮಾತ್ರ ಓಡುತ್ತೆ. ಇದು ಸಿ ಡ್ರೈವ್ ಅಲ್ಲ ಮಾರಾಯ್ರೆ, ನಮ್ಮಲ್ಲಿ ಒಬ್ಬ ಫೈಲ್ ಡಿ ಡ್ರೈವಲ್ಲಿದೆ ಅಂತ ಡಿ ಕೋಲನ್ ಮಾಡಿಟ್ಟಿದ್ದ.

ಇನ್ನು ಫೈಲಿನ ಹೆಸರು. ನೋಟ್‌ಪ್ಯಾಡಲ್ಲಿ ಸೈಟ್‌ಏರಿಯಾ.ಎಲ್‌ಎಸ್‌ಪಿ ಅಂತ ಸೇವ್ ಮಾಡಿದ್ರೆ ಅದು ಹಿಂದೆ ಗುಟ್ಟಾಗಿ .ಟಿಎಕ್ಸ್‌ಟಿ ಅಂಟಿಸಿಬಿಟ್ಟಿರುತ್ತೆ, ವಿಂಡೋಸ್ ಆ ಬಾಲವನ್ನ ತೋರಿಸಲ್ಲ. ಮೇಲೆ ಹೇಳಿದ ನನ್ನ ಒಂದು ವಾರ ಹಾಳಾಗಿದ್ದು ಇದೇ ಬಾಲದಿಂದ. ಫೋಲ್ಡರಿನ ವ್ಯೂನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಮಾಡಿ, ನಿಜವಾದ ಹೆಸರು ಗೊತ್ತಾಗುತ್ತೆ.

ಹೆಸರೂ ಸರಿ ಇದೆ ಅಂದ್ರೆ ಕಮಾಂಡ್ ಲೈನಲ್ಲಿ (ಫೈಂಡ್‌ಫೈಲ್ "ಸೈಟ್‌ಏರಿಯಾ.ಎಲ್‌ಎಸ್‌ಪಿ") ಅಂತ ಕೊಡಿ. ಪೂರ್ತಿ ದಾರಿ ಬರೆದು ತೋರಿಸಿದ್ರೆ ಆಟೋಕ್ಯಾಡ್‌ಗೆ ಫೈಲ್ ಸಿಗ್ತಿದೆ. ನಿಲ್ ಅಂತ ಬಂದ್ರೆ ಸಿಗ್ತಿಲ್ಲ, ಆಪ್ಷನ್ಸ್ ತೆಗೆದು ಫೈಲ್ಸ್ ಟ್ಯಾಬಲ್ಲಿ ಸಪೋರ್ಟ್ ಫೈಲ್ ಸರ್ಚ್ ಪಾಥ್ ಅಂತ ಇರುತ್ತಲ್ಲ, ಅದರೊಳಗೆ ನಿಮ್ಮ ಲಿಸ್ಪ್ ಫೋಲ್ಡರ್ ಸೇರ್ಸಿ. ಹಾಗೇ, ದಾರಿ ತೋರಿಸಿತು ಆದ್ರೆ ನೀವು ಅಂದ್ಕೊಂಡ ಫೋಲ್ಡರ್ ಅಲ್ಲ ಅಂದ್ರೆ ಅದೇ ಹೆಸರಿನ ಹಳೇ ಕಾಪಿ ಇನ್ನೆಲ್ಲೋ ಕೂತಿದೆ. ನೀವು ಇಲ್ಲಿ ತಿದ್ದಿದ್ದೇ ತಿದ್ದಿದ್ದು, ಅದು ಓಡ್ಸೋದು ಅದನ್ನ.

ಈಗ ತುಂಬಾ ಜನ ತಲೆ ಕೆಡಿಸ್ಕೊಳ್ಳೋದು: ಒಂದು ಡ್ರಾಯಿಂಗಲ್ಲಿ ಓಡುತ್ತೆ, ಪಕ್ಕದ ಟ್ಯಾಬಿಗೆ ಹೋದ್ರೆ ಅನ್‌ನೋನ್ ಕಮಾಂಡ್. ಅಥವಾ ನಿನ್ನೆ ಓಡ್ತು, ಇವತ್ತು ಬೆಳಿಗ್ಗೆ ಇಲ್ಲ. ಆಟೋಕ್ಯಾಡಲ್ಲಿ ತೆರೆದಿರೋ ಪ್ರತಿ ಡ್ರಾಯಿಂಗಿಗೂ ಲಿಸ್ಪಿನ ಲೋಕ ಬೇರೆ ಬೇರೆ, ಆಪ್‌ಲೋಡ್‌ನಿಂದ (ಲಿಸ್ಪ್ ಫೈಲ್ ತರೋ ಕಮಾಂಡು) ಲೋಡ್ ಕೊಟ್ರೆ ಆಗ ಎದುರಿಗಿದ್ದ ಡ್ರಾಯಿಂಗಿಗೆ ಮಾತ್ರ ಹೋಗುತ್ತೆ. ಎಲ್ಲದಕ್ಕೂ ಬೇಕಂದ್ರೆ ಮೂರು ದಾರಿ. ಸುಲಭದ್ದು, ಆಪ್‌ಲೋಡ್ ಬಾಕ್ಸಲ್ಲೇ ಬಲಗಡೆ ಕೆಳಗೆ ಸೂಟ್‌ಕೇಸ್ ಚಿತ್ರ ಇರುತ್ತೆ, ಸ್ಟಾರ್ಟಪ್ ಸೂಟ್ ಅಂತ, ಅದರೊಳಗೆ ಫೈಲ್ ಸೇರ್ಸೋದು. ಎರಡನೇದು, ಆಕಾಡ್‌ಡಾಕ್.ಎಲ್‌ಎಸ್‌ಪಿ ಅನ್ನೋ ಫೈಲ್ ಮಾಡಿ ಅದರಲ್ಲಿ ಲೋಡ್ ಸಾಲು ಬರೆಯೋದು, ಇದು ಪ್ರತಿ ಡ್ರಾಯಿಂಗ್ ತೆರೆದಾಗಲೂ ಓಡುತ್ತೆ (ಆಕಾಡ್.ಎಲ್‌ಎಸ್‌ಪಿ ಅಂತ ಇನ್ನೊಂದಿದೆ, ಅದು ಮಾಮೂಲಿಯಾಗಿ ಮೊದಲ ಡ್ರಾಯಿಂಗಿಗೆ ಮಾತ್ರ, ಎರಡನ್ನೂ ಅದಲು ಬದಲು ಮಾಡ್ಕೊಂಡು ಒದ್ದಾಡೋರು ಬೇಕಾದಷ್ಟಿದಾರೆ).

ಮೂರನೇದು ನನಗೆ ಇಷ್ಟವಾದದ್ದು, ಬಟನ್ನೇ ಲೋಡ್ ಮಾಡ್ಕೊಳ್ಳೋ ಹಾಗೆ ಮ್ಯಾಕ್ರೋ ಬರೆಯೋದು:

^ಸಿ^ಸಿ(ಇಫ್ (ನಾಟ್ ಸಿ:ಸೈಟ್‌ಏರಿಯಾ) (ಲೋಡ್ "ಸೈಟ್‌ಏರಿಯಾ.ಎಲ್‌ಎಸ್‌ಪಿ"));ಸೈಟ್‌ಏರಿಯಾ

ಕಮಾಂಡ್ ಆಗ್ಲೇ ಇದ್ರೆ ನೇರ ಓಡ್ಸು, ಇಲ್ದಿದ್ರೆ ಫೈಲ್ ತಂದು ಆಮೇಲೆ ಓಡ್ಸು ಅಂತ ಅರ್ಥ. ಬೇಕಾದಾಗ ಮಾತ್ರ ಲೋಡ್ ಆಗೋದ್ರಿಂದ ಡ್ರಾಯಿಂಗ್ ತೆರೆಯೋದೂ ನಿಧಾನ ಆಗಲ್ಲ. ಒಂದೇ ಕೊರತೆ, ಬಟನ್ ಒಂದ್ಸಲ ಒತ್ತೋವರೆಗೂ ಕೈಯಲ್ಲಿ ಟೈಪ್ ಮಾಡಿದ್ರೆ ಅನ್‌ನೋನ್ ಅಂತಾನೇ ಬರುತ್ತೆ, ಆಗ ಗಾಬರಿ ಆಗ್ಬೇಡಿ.

ಲೋಡ್ ಮಾಡ್ಲಾ ಬೇಡ್ವಾ ಅಂತ ಪ್ರತಿ ಸಲ ಕೇಳುತ್ತೆ, ಇಲ್ಲ ಸುಮ್ನೆ ಲೋಡೇ ಆಗಲ್ಲ

ಇದು ಸೆಕ್ಯೂರ್‌ಲೋಡ್ ಅನ್ನೋ ಸೆಟ್ಟಿಂಗಿನ ಕೆಲಸ, 2014ರಿಂದ ಇದೆ. ಬೆಲೆ 1 ಇದ್ರೆ ನಂಬಿಕೆ ಪಟ್ಟಿಲಿ ಇಲ್ಲದ ಫೋಲ್ಡರಿಂದ ಬಂದ ಫೈಲಿಗೆ ಎಚ್ಚರಿಕೆ ಬಾಕ್ಸ್ ತೋರಿಸಿ ಕೇಳುತ್ತೆ. 2 ಇದ್ರೆ ಕೇಳೋದೂ ಇಲ್ಲ, ಬಾಗಿಲಲ್ಲೇ ತಡೆಯುತ್ತೆ. 0 ಮಾಡಿದ್ರೆ ಯಾರು ಬೇಕಾದ್ರೂ ಒಳಗೆ.

ಕಿರಿಕಿರಿ ಆಗುತ್ತೆ ಅಂತ 0 ಮಾಡ್ಬಿಡಿ ಅಂತ ಹೇಳೋರು ಸಿಗ್ತಾರೆ. ಮಾಡ್ಬೇಡಿ. ಯಾಕೆ ಅನ್ನೋದು ಕೊನೆ ಹತ್ರ ಹೇಳ್ತೀನಿ. ಸರಿಯಾದ ದಾರಿ ಅಂದ್ರೆ ನಿಮ್ಮ ಲಿಸ್ಪ್‌ಗಳಿಗೇ ಅಂತ ಒಂದು ಫೋಲ್ಡರ್ ಮಾಡಿ, ಆಪ್ಷನ್ಸ್ ಒಳಗೆ ಟ್ರಸ್ಟೆಡ್ ಲೊಕೇಷನ್ಸ್ ಅಂತ ಇದೆ, ಅಲ್ಲಿ ಸೇರ್ಸಿ. ಒಳಗಿನ ಫೋಲ್ಡರುಗಳೂ ಸೇರಬೇಕು ಅಂದ್ರೆ ದಾರಿಯ ಕೊನೆಗೆ \... ಅಂತ ಗೀಟು ಮತ್ತು ಮೂರು ಚುಕ್ಕಿ ಹಾಕಬೇಕು, ಅದಿಲ್ಲ ಅಂದ್ರೆ ಹೊರಗಿನ ಫೋಲ್ಡರಿಗೆ ಮಾತ್ರ ನಂಬಿಕೆ. ಇನ್ನೊಂದು ಸೂಕ್ಷ್ಮ, ಸರ್ಚ್ ಪಾಥ್ ಬೇರೆ, ಟ್ರಸ್ಟೆಡ್ ಬೇರೆ, ಒಂದು ಫೈಲ್ ಹುಡುಕೋಕೆ ಇನ್ನೊಂದು ಓಡಿಸೋಕೆ ಅನುಮತಿಗೆ. ಎರಡು ಕಡೆನೂ ಸೇರ್ಸಬೇಕು. ಡೌನ್‌ಲೋಡ್ಸ್ ಫೋಲ್ಡರನ್ನ ಮಾತ್ರ ಯಾವ ಕಾರಣಕ್ಕೂ ನಂಬಿಕೆ ಪಟ್ಟಿಗೆ ಹಾಕ್ಬೇಡಿ.

ಕೈಯಲ್ಲಿ ಓಡುತ್ತೆ, ಬಟನಲ್ಲಿ ಅರ್ಧಕ್ಕೆ ನಿಲ್ಲುತ್ತೆ ಅಥವಾ ಹುಚ್ಚುಚ್ಚಾಗಿ ಆಡುತ್ತೆ

ಅಂದ್ರೆ ಮ್ಯಾಕ್ರೋದಲ್ಲಿ ಯಾವುದೋ ಒಂದು ಚಿಹ್ನೆ ತಪ್ಪಿದೆ. ಸಾಮಾನ್ಯವಾಗಿ ಒಂದೇ ಅಕ್ಷರ.

ಬೇರೆ ಕಮಾಂಡ್ ಮಧ್ಯದಲ್ಲಿದ್ದಾಗ ಒತ್ತಿದ್ರೆ ಮಾತ್ರ ಕೆಡುತ್ತಾ? ಶುರುವಲ್ಲಿ ^ಸಿ^ಸಿ ಇಲ್ಲ. ಟೋಪಿ ಚಿಹ್ನೆ (ಕೀಬೋರ್ಡಲ್ಲಿ 6ರ ಮೇಲಿರೋದು) ಮತ್ತು ಸಿ ಸೇರಿದ್ರೆ ಒಂದು ಎಸ್ಕೇಪ್, ಎರಡ್ಸಲ ಹಾಕಿದ್ರೆ ನಡೀತಿರೋ ಕಮಾಂಡ್ ರದ್ದಾಗಿ ನಿಮ್ಮದು ಶುರುವಾಗುತ್ತೆ.

ಬಟನ್ ಒತ್ತಿದ ಕೂಡಲೇ ಯಾವುದೋ ಪಾಯಿಂಟ್ ಕೇಳ್ಕೊಂಡು ಸುಮ್ನೆ ಕಾಯ್ತಾ ಕೂರುತ್ತಾ, ಇಲ್ಲ 'ಲೋಡ್ ಫೇಲ್ಡ್' ಅನ್ನುತ್ತಾ? ಮ್ಯಾಕ್ರೋದಲ್ಲಿ ಫೈಲ್ ದಾರಿ ಬರೆಯುವಾಗ ವಿಂಡೋಸ್ ಥರ \ ಗೀಟು ಹಾಕಿದೀರಿ. ಮ್ಯಾಕ್ರೋ ಭಾಷೇಲಿ \ ಅಂದ್ರೆ 'ಇಲ್ಲಿ ನಿಲ್ಲು, ಬಳಸೋರು ಕ್ಲಿಕ್ ಮಾಡ್ಲಿ' ಅಂತ ಅರ್ಥ. ದಾರಿಗೆ ಯಾವಾಗ್ಲೂ / ಗೀಟೇ ಹಾಕಿ, ಲಿಸ್ಪ್ ಒಳಗೂ ಅದು ನಡೆಯುತ್ತೆ.

ಕಮಾಂಡ್ ಏನೂ ಕೇಳದೇ ಶುರುವಾಗಿ ಹಾಗೇ ಮುಗಿದೋಗುತ್ತಾ? ಕೊನೇಲಿ ಸೆಮಿಕೋಲನ್ ಎರಡಾಗಿದ್ಯಾ ನೋಡಿ. ಸೆಮಿಕೋಲನ್ ಅಂದ್ರೆ ಎಂಟರ್, ಮೊದಲನೇದು ಕಮಾಂಡನ್ನ ಓಡಿಸುತ್ತೆ, ಎರಡನೇದು ಅದರ ಮೊದಲ ಪ್ರಶ್ನೆಗೆ ಖಾಲಿ ಉತ್ತರ ಕೊಟ್ಟು ಹೊರಗೆ ಹಾಕುತ್ತೆ. ಇನ್ನು ಕೊನೇಲಿ ಒಂದೂ ಹಾಕದೇ ಇದ್ರೂ ನಡೆಯುತ್ತೆ, ಆಟೋಕ್ಯಾಡೇ ಒಂದು ಸ್ಪೇಸ್ ಸೇರಿಸ್ಕೊಳುತ್ತೆ. ಸ್ಪೇಸೂ ಎಂಟರೇ ಇಲ್ಲಿ, ಅದಕ್ಕೇ ಮ್ಯಾಕ್ರೋದಲ್ಲಿ ಬಳಸೋ ಲೇಯರ್ ಹೆಸರಲ್ಲಿ ಸ್ಪೇಸ್ ಇಟ್ಕೊಳ್ದೇ ಇರೋದು ನೆಮ್ಮದಿ.

ಡಯಲಾಗ್ ಬಾಕ್ಸ್ ತೆರ್ಕೊಂಡು ಮ್ಯಾಕ್ರೋ ಅಲ್ಲೇ ಸಾಯುತ್ತಾ? ಲೇಯರ್ ಬದಲು -ಲೇಯರ್, ಇನ್ಸರ್ಟ್ ಬದಲು -ಇನ್ಸರ್ಟ್ ಅಂತ ಮುಂದೆ ಒಂದು ಅಡ್ಡಗೆರೆ ಹಾಕಿ, ಬಾಕ್ಸ್ ಬಿಟ್ಟು ಕಮಾಂಡ್ ಲೈನಲ್ಲೇ ಕೇಳುತ್ತೆ. ಎಸ್‌ಸಿಆರ್ ಸ್ಕ್ರಿಪ್ಟ್ ಫೈಲನ್ನ (ಕಮಾಂಡ್‌ಗಳನ್ನ ಸಾಲಾಗಿ ಬರೆದಿಟ್ಟಿರೋದು) ಬಟನಿಂದ ಓಡ್ಸುವಾಗಲೂ ಇದೇ ಕಥೆ, ಸ್ಕ್ರಿಪ್ಟ್ ಅಂತ ಕೊಟ್ರೆ ಫೈಲ್ ಆರಿಸೋ ಬಾಕ್ಸ್ ಬರುತ್ತೆ. ಅದರ ಬದಲು (ಕಮಾಂಡ್ "_.ಸ್ಕ್ರಿಪ್ಟ್" "ಡಿ:/ಲಿಸ್ಪ್/ಪ್ರಿಂಟ್.ಎಸ್‌ಸಿಆರ್") ಅಂತ ಲಿಸ್ಪ್ ಮೂಲಕ ಕರೀರಿ, ಬಾಕ್ಸ್ ಬರಲ್ಲ.

ಕಮಾಂಡ್ ಹೆಸರಿನ ಶುರುವಲ್ಲಿರೋ _ ಗೆರೆ ಮತ್ತು ಚುಕ್ಕಿ ಸುಮ್ನೆ ಅಲಂಕಾರಕ್ಕಲ್ಲ. ಚುಕ್ಕಿ ಇದ್ರೆ ಯಾರೋ ಆ ಕಮಾಂಡನ್ನ ಅನ್‌ಡಿಫೈನ್ ಮಾಡಿ ತೆಗೆದುಹಾಕಿದ್ರೂ ಮೂಲದ್ದೇ ಓಡುತ್ತೆ, _ ಇದ್ರೆ ಯಾವ ಭಾಷೆಯ ಆಟೋಕ್ಯಾಡಲ್ಲೂ ಇಂಗ್ಲಿಷ್ ಹೆಸರು ನಡೆಯುತ್ತೆ. ಜರ್ಮನಿಲಿರೋ ಗೆಳೆಯನಿಗೆ ನನ್ನ ಮೆನು ಕಳಿಸಿದ್ದೆ, ಅವನ ಆಫೀಸಲ್ಲಿ ಜರ್ಮನ್ ಆಟೋಕ್ಯಾಡು, ಅಲ್ಲಿ ಲೈನ್ ಅಂದ್ರೆ ಲೀನಿಯೆ, ಗೆರೆ ಹಾಕದ ಬಟನ್ ಒಂದೂ ಓಡ್ಲಿಲ್ಲ ಪಾಪ.

ಕಮಾಂಡ್ ಲೈನಲ್ಲಿ (_> ಅಂತ ಬಂದು ಅಲ್ಲೇ ನಿಂತಿದೆ ಅಂದ್ರೆ ಬ್ರಾಕೆಟ್ ಒಂದು ಮುಚ್ಚಿಲ್ಲ. ("_> ಅಂತ ಇದ್ರೆ ಕೊಟೇಷನ್ ಮುಚ್ಚಿಲ್ಲ. ಎಸ್ಕೇಪ್ ಒತ್ತಿ ಹೊರಗೆ ಬನ್ನಿ, ಮ್ಯಾಕ್ರೋ ತಿದ್ದಿ.

ಫೈಲ್ ಲೋಡ್ ಆಗುತ್ತೆ, ಆಮೇಲೆ ಎರರ್ ಬರುತ್ತೆ

ಎರರ್ ಸಾಲು ನೋಡಿ ಹೆದರ್ಬೇಡಿ, ಅದರಲ್ಲೇ ಅರ್ಧ ಉತ್ತರ ಇರುತ್ತೆ.

'ಮಾಲ್‌ಫಾರ್ಮ್ಡ್ ಲಿಸ್ಟ್' ಅಂದ್ರೆ ಮುಚ್ಚೋ ಬ್ರಾಕೆಟ್ ಕಮ್ಮಿ ಇದೆ, 'ಎಕ್ಸ್‌ಟ್ರಾ ರೈಟ್ ಪ್ಯಾರನ್' ಅಂದ್ರೆ ಜಾಸ್ತಿ ಇದೆ. ಎಣಿಸೋಕೆ ಕೂರ್ಬೇಡಿ, ಬ್ರಾಕೆಟ್ ಜೋಡಿ ತೋರಿಸೋ ಎಡಿಟರಲ್ಲಿ ತೆರೀರಿ. ವಾಟ್ಸಾಪಲ್ಲೋ ವರ್ಡ್ ಫೈಲಲ್ಲೋ ಬಂದ ಕೋಡ್ ಆಗಿದ್ರೆ ಕೊಟೇಷನ್ ಗುರುತುಗಳನ್ನ ಹತ್ತಿರದಿಂದ ನೋಡಿ. ನೆಟ್ಟಗಿರೋ ಗುರುತು ಬಾಗಿದ ಗುರುತಾಗಿ ಬದಲಾಗಿರುತ್ತೆ, ಕಣ್ಣಿಗೆ ಒಂದೇ ಥರ ಕಾಣುತ್ತೆ, ಲಿಸ್ಪಿಗೆ ಅದು ಕೊಟೇಷನ್ನೇ ಅಲ್ಲ. ಎಲ್ಲಾನೂ ಅಳಿಸಿ ನೋಟ್‌ಪ್ಯಾಡಲ್ಲಿ ಕೈಯಲ್ಲೇ ಹಾಕಿ.

'ನೋ ಫಂಕ್ಷನ್ ಡೆಫನಿಷನ್' ಅಂತ ಬಂದು ಅದರ ಮುಂದೆ ವಿಎಲ್‌ಎ ಅಥವಾ ವಿಎಲ್‌ಎಎಕ್ಸ್ ಇಂದ ಶುರುವಾಗೋ ಹೆಸರಿದ್ರೆ ಫೈಲಿನ ತಲೇಲಿ (ವಿಎಲ್-ಲೋಡ್-ಕಾಮ್) ಅಂತ ಒಂದು ಸಾಲು ಸೇರ್ಸಿ. ಒಮ್ಮೊಮ್ಮೆ ಓಡುತ್ತೆ ಒಮ್ಮೊಮ್ಮೆ ಇಲ್ಲ ಅನ್ನೋ ತಲೆನೋವಿಗೆ ಇದೇ ಕಾರಣ ಎಷ್ಟೋ ಸಲ: ಬೇರೆ ಯಾವುದೋ ಲಿಸ್ಪು ಆ ಸಾಲನ್ನ ಮೊದಲೇ ಓಡಿಸಿದ ದಿನ ನಿಮ್ಮದೂ ಅದರ ಪುಣ್ಯದಲ್ಲಿ ಓಡಿರುತ್ತೆ.

'ಬ್ಯಾಡ್ ಆರ್ಗ್ಯುಮೆಂಟ್ ಟೈಪ್' ಅಂತ ಬಂದು ಕೊನೇಲಿ ನಿಲ್ ಇದ್ರೆ ಕೋಡಿಗೆ ಬೇಕಾದ ವಸ್ತು ಸಿಕ್ಕಿಲ್ಲ. ನನ್ನ ಸೈಟ್‌ಏರಿಯಾದಲ್ಲಿ ಪಾಲಿಲೈನ್ ಬದಲು ಪಕ್ಕದ ಖಾಲಿ ಜಾಗ ಕ್ಲಿಕ್ ಆದ್ರೆ ಇದೇ ಬರ್ತಿತ್ತು. ಏನೂ ಸಿಗದಿದ್ರೆ ಮತ್ತೆ ಕೇಳು ಅಂತ ಕೋಡಲ್ಲಿ ಬರೆದ ಮೇಲೆ ಆಫೀಸಲ್ಲಿ ದೂರು ನಿಂತಿತು.

ಬಟನ್ ಒತ್ತಿದ ಮೇಲೆ ಆಟೋಕ್ಯಾಡೇ ಬದಲಾಗಿದೆ

ಸ್ನ್ಯಾಪ್ (ಗೆರೆಯ ತುದಿಗೆ ತಾನೇ ಹೋಗಿ ಅಂಟೋದು) ಹಿಡೀತಿಲ್ಲ. ಓಪನ್ ಒತ್ತಿದ್ರೆ ಬಾಕ್ಸ್ ಬರಲ್ಲ, ಕಮಾಂಡ್ ಲೈನಲ್ಲಿ ಫೈಲ್ ಹೆಸರು ಕೇಳುತ್ತೆ. ಜನ ಆಟೋಕ್ಯಾಡ್ ಕೆಟ್ಟೋಯ್ತು ಅಂತ ರೀಇನ್‌ಸ್ಟಾಲಿಗೆ ಹೊರಡೋದು ಈ ಹಂತದಲ್ಲೇ, ತಡೀರಿ.

ತುಂಬಾ ಲಿಸ್ಪ್‌ಗಳು ಕೆಲಸ ಶುರು ಮಾಡೋವಾಗ ಓಎಸ್‌ಮೋಡನ್ನ 0 ಮಾಡಿ ಸ್ನ್ಯಾಪ್ ಆರಿಸ್ತವೆ, ಫೈಲ್‌ಡಯಾವನ್ನ 0 ಮಾಡಿ ಬಾಕ್ಸ್ ಮುಚ್ಚುತ್ತವೆ, ಕೆಲಸ ಮುಗಿದ ಮೇಲೆ ವಾಪಸ್ ಹಾಕ್ತವೆ. ನೀವು ಮಧ್ಯದಲ್ಲಿ ಎಸ್ಕೇಪ್ ಒತ್ತಿದ್ರೆ ವಾಪಸ್ ಹಾಕೋ ಸಾಲಿಗೆ ಅದು ತಲುಪೋದೇ ಇಲ್ಲ. ತಕ್ಷಣಕ್ಕೆ ಫೈಲ್‌ಡಯಾ 1 ಕೊಡಿ, ಸ್ನ್ಯಾಪಿಗೆ ಓಎಸ್‌ನ್ಯಾಪ್ ಬಾಕ್ಸ್ ತೆಗೆದು ಬೇಕಾದ್ದಕ್ಕೆ ಮತ್ತೆ ಟಿಕ್ ಹಾಕಿ. ಕಾಯಂ ಪರಿಹಾರ ಲಿಸ್ಪಿನ ಒಳಗೆ *ಎರರ್* ಅನ್ನೋ ಫಂಕ್ಷನ್ ಬರೆದು ಅದರಲ್ಲಿ ಹಳೇ ಬೆಲೆಗಳನ್ನ ವಾಪಸ್ ಹಾಕೋದು, ಎಸ್ಕೇಪ್ ಒತ್ತಿದ್ರೂ ಅದು ಓಡುತ್ತೆ. ಡೀಫನ್ ಸಾಲಲ್ಲಿ / ಗೀಟು ಆದ್ಮೇಲೆ *ಎರರ್* ಹೆಸರು ಸೇರ್ಸೋದು ಮರೀಬೇಡಿ, ಸೇರ್ಸಿದ್ರೆ ಅದು ನಿಮ್ಮ ಕಮಾಂಡಿಗೆ ಮಾತ್ರ ಸೀಮಿತವಾಗಿರುತ್ತೆ, ಇಲ್ದಿದ್ರೆ ಬೇರೆಯೋರ ಲಿಸ್ಪ್ ಎಡವಿದಾಗಲೂ ನಿಮ್ಮದು ಎದ್ದು ಬರುತ್ತೆ.

ಇದನ್ನ ಚಿಕ್ಕ ವಿಷಯ ಅನ್ಕೋಬೇಡಿ. ಒಂದು ಸಂಜೆ ನನ್ನ ಸ್ನ್ಯಾಪ್ ಹೀಗೇ ಆರಿಹೋಗಿತ್ತು, ನನಗೆ ಗೊತ್ತಾಗ್ಲಿಲ್ಲ, 230 ಎಂಎಂ ಗೋಡೆಗಳನ್ನ ಕಣ್ಣಂದಾಜಲ್ಲಿ ಸೇರ್ಸ್ಕೊಂಡು ಹೋಗಿದೀನಿ. ಪರದೆ ಮೇಲೆ ಎಲ್ಲ ಮುಟ್ಟಿದ ಹಾಗೇ ಕಾಣುತ್ತೆ. ಮಾರನೇ ದಿನ ಹ್ಯಾಚ್ ಹಾಕೋಕೆ ಹೋದ್ರೆ ತುಂಬ್ತಿಲ್ಲ, ಜೂಮ್ ಮಾಡ್ತಾ ಹೋದ್ರೆ ಒಂದು ಮೂಲೇಲಿ 3 ಎಂಎಂ ಸಂದಿ, ಇನ್ನೊಂದು ಮೂಲೇಲಿ ಗೆರೆ ದಾಟಿ ಹೋಗಿದೆ. ಇಡೀ ಮಹಡಿ ಮತ್ತೆ ಹಾಕಿದೆ.

ನನ್ನ ಮಷೀನಲ್ಲಿ ಓಡುತ್ತೆ, ಪಕ್ಕದವರದ್ರಲ್ಲಿ ಇಲ್ಲ

ಸಿಯುಐಎಕ್ಸ್ ಮಾತ್ರ ಕಾಪಿ ಮಾಡಿ ಕೊಟ್ಟಿದೀರಿ, ಲಿಸ್ಪ್ ಕೊಟ್ಟಿಲ್ಲ. ಮೆನುಲಿ ಹೆಸರಷ್ಟೇ ಇರುತ್ತೆ, ಕೋಡ್ ಅದರೊಳಗೆ ಇರಲ್ಲ. ಅಥವಾ ಎರಡೂ ಕೊಟ್ಟಿದೀರಿ, ಅವರ ಮಷೀನಲ್ಲಿ ಸರ್ಚ್ ಪಾಥೂ ಟ್ರಸ್ಟೆಡ್ ಪಟ್ಟಿಯೂ ಸೇರ್ಸಿಲ್ಲ. ಒಂದು ಅನುಕೂಲ ಹೇಳ್ತೀನಿ: ಸಿಯುಐಎಕ್ಸ್ ಪಕ್ಕದಲ್ಲೇ ಅದೇ ಹೆಸರಿನ ಎಂಎನ್‌ಎಲ್ ಫೈಲ್ ಇಟ್ರೆ ಮೆನು ಜೊತೆಗೇ ಅದೂ ತಾನಾಗೇ ಲೋಡ್ ಆಗುತ್ತೆ, ಒಳಗಿರೋದು ಮಾಮೂಲಿ ಲಿಸ್ಪೇ. ಮೂರನೇ ಮಷೀನಿಗೆ ಬರೋ ಹೊತ್ತಿಗೆ ನಾನು ಹಾಗೇ ಮಾಡಿದೆ.

ಆಟೋಕ್ಯಾಡ್ ಅಲ್ದೇ ಬ್ರಿಕ್ಸ್‌ಕ್ಯಾಡ್ ಇಟ್ಕೊಂಡಿರೋರಿಗೆ ಅದೇ ಲಿಸ್ಪು ಹೆಚ್ಚು ಕಮ್ಮಿ ಹಾಗೇ ಓಡುತ್ತೆ, ಆದ್ರೆ ಪ್ರತಿ ಡ್ರಾಯಿಂಗಿಗೆ ಓಡೋ ಫೈಲಿನ ಹೆಸರು ಅಲ್ಲಿ ಆನ್_ಡಾಕ್_ಲೋಡ್.ಎಲ್‌ಎಸ್‌ಪಿ.

ಲಿಸ್ಪ್ ಬರೆಯೋ ಕನ್ನಡ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗ್ತಿದೆ ಅಂದ್ರೆ ಎರಡು ಕಡೆ ನೋಡಿ. ಟೆಕ್ಸ್ಟ್ ಸ್ಟೈಲಲ್ಲಿ ಎಸ್‌ಎಚ್‌ಎಕ್ಸ್ ಫಾಂಟ್ ಇದ್ರೆ ಅದರಲ್ಲಿ ಕನ್ನಡ ಇರಲ್ಲ, ತುಂಗಾ ಥರದ ಯೂನಿಕೋಡ್ ಫಾಂಟಿಗೆ ಬದಲಾಯಿಸಿ. ಫಾಂಟ್ ಸರಿ ಇದ್ದೂ ಹಾಗೇ ಬಂದ್ರೆ ಲಿಸ್ಪ್ ಕಡೆ ತೊಂದ್ರೆ: ಹಳೇ ವರ್ಷನ್‌ಗಳ ಲಿಸ್ಪಿಗೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. 2021ರಲ್ಲಿ ಲಿಸ್ಪ್‌ಸಿಸ್ ಅನ್ನೋ ಸೆಟ್ಟಿಂಗ್ ಬಂತು, ಅದನ್ನ 1 ಮಾಡಿ ಆಟೋಕ್ಯಾಡ್ ಮುಚ್ಚಿ ತೆಗೆದ್ರೆ ಗೊತ್ತಾಗುತ್ತೆ. ನಮ್ಮ ಹಳೇ ಮಷೀನಲ್ಲಿ ಮಾತ್ರ ಇವತ್ತಿಗೂ ನುಡಿಯ ಹಳೇ ಫಾಂಟಲ್ಲೇ ಬರೀತೀವಿ, ಅದು ನಿಜಕ್ಕೂ ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿರೋದು, ಲಿಸ್ಪಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ, ಆರಾಮಾಗಿ ಓಡುತ್ತೆ.

ನಾನು ಮಾಡದ ಲಿಸ್ಪ್ ಫೈಲು ಫೋಲ್ಡರಲ್ಲಿ ಬಂದು ಕೂತಿದೆ

ಇಲ್ಲಿ ನಿಲ್ಲಿ. ಇನ್ನು ಮುಂದೆ ಮೆನು ರಿಪೇರಿ ಅಲ್ಲ.

ಡ್ರಾಯಿಂಗ್ ಇರೋ ಫೋಲ್ಡರುಗಳಲ್ಲಿ ಆಕಾಡ್‌ಡಾಕ್.ಎಲ್‌ಎಸ್‌ಪಿ, ಆಕಾಡ್.ಎಫ್‌ಎಎಸ್, ಆಕಾಡ್.ವಿಎಲ್‌ಎಕ್ಸ್ (ಕೊನೆ ಎರಡು ಕಂಪೈಲ್ ಮಾಡಿದ ಲಿಸ್ಪ್) ಅಂತ ಯಾರೂ ಮಾಡದ ಫೈಲುಗಳಿದ್ರೆ, ಅಳಿಸಿದ್ರೂ ಮತ್ತೆ ಹುಟ್ಟಿದ್ರೆ ಅದು ವೈರಸ್ ಅಂತಾನೇ ಅನ್ಕೊಳಿ. ಹಳೇ ವರ್ಷನ್‌ಗಳಲ್ಲಿ ಡ್ರಾಯಿಂಗ್ ಪಕ್ಕದಲ್ಲಿ ಇಂಥ ಫೈಲ್ ಕೂತಿದ್ರೆ ಡ್ರಾಯಿಂಗ್ ತೆರೆದ ಕೂಡಲೇ ತಾನಾಗೇ ಓಡ್ತಿತ್ತು, ಪೆನ್‌ಡ್ರೈವಲ್ಲಿ ಇಡೀ ಫೋಲ್ಡರ್ ಕಾಪಿ ಮಾಡ್ಕೊಂಡ್ರೆ ಅದೂ ಜೊತೆಗೆ ಬರ್ತಿತ್ತು. 2012ರಲ್ಲಿ ಈಸೆಟ್ ಅನ್ನೋ ಆಂಟಿವೈರಸ್ ಕಂಪನಿಯೋರು ಬಯಲು ಮಾಡಿದ ಮೆಡ್ರೆ ಅನ್ನೋ ಹುಳ ಲಿಸ್ಪಲ್ಲೇ ಬರೆದಿದ್ದು, ತೆರೆದ ಡ್ರಾಯಿಂಗುಗಳನ್ನ ಚೀನಾದ ಇಮೇಲ್ ವಿಳಾಸಗಳಿಗೆ ಕಳಿಸ್ತಿತ್ತು, ಪೆರು ದೇಶದಲ್ಲಿ ಅತಿ ಹೆಚ್ಚು ಕಾಣಿಸ್ಕೊಂಡಿತ್ತು. ಸೆಕ್ಯೂರ್‌ಲೋಡ್ 0 ಮಾಡ್ಬೇಡಿ ಅಂದಿದ್ದು ಇದಕ್ಕೇ.

ಅನುಮಾನ ಬಂದ್ರೆ ಆ ಮಷೀನಿಂದ ಪೆನ್‌ಡ್ರೈವ್ ಕೊಡೋದು ನಿಲ್ಲಿಸಿ, ನೆಟ್‌ವರ್ಕ್ ತೆಗೀರಿ, ಆಟೋಕ್ಯಾಡ್ ಓಪನ್ ಮಾಡ್ಲೇಬೇಕು ಅಂದ್ರೆ ಶಾರ್ಟ್‌ಕಟ್ಟಿನ ದಾರಿಯ ಕೊನೆಗೆ /ಸೇಫ್‌ಮೋಡ್ ಸೇರ್ಸಿ ಓಪನ್ ಮಾಡಿ, ಹೊರಗಿನ ಕೋಡ್ ಓಡಲ್ಲ. ಆಮೇಲೆ ಕಂಪ್ಯೂಟರ್ ನೋಡ್ಕೊಳೋರನ್ನ ಕರೀರಿ, ಸ್ವಂತಕ್ಕೆ ಒಂದೊಂದೇ ಫೈಲ್ ಅಳಿಸ್ತಾ ಕೂತ್ರೆ ಮುಗಿಯಲ್ಲ.

ವೈರಸ್ ಅಲ್ದಿದ್ರೂ ಕೈ ಬಿಡಬೇಕಾದ ಸಂದರ್ಭ ಇವೆ. ಮೆನು ಎಂಟರ್‌ಪ್ರೈಸ್ ಸಿಯುಐಎಕ್ಸ್ (ಇಡೀ ಆಫೀಸಿಗೆ ಹಂಚಿರೋ ಮೆನು ಫೈಲು) ಒಳಗಿದ್ರೆ ಅದು ಓದೋಕೆ ಮಾತ್ರ, ನಿಮ್ಮ ಕಡೆಯಿಂದ ತಿದ್ದಕ್ಕಾಗಲ್ಲ, ಅದನ್ನ ಇಟ್ಟೋರಿಗೆ ಹೇಳಿ. ಎಫ್‌ಎಎಸ್, ವಿಎಲ್‌ಎಕ್ಸ್ ಫೈಲುಗಳ ಒಳಗೆ ನೋಡಕ್ಕಾಗಲ್ಲ, ಬರೆದೋರೇ ಸರಿ ಮಾಡಬೇಕು. ಸಿಯುಐ ತೆರೆದ್ರೇ ಆಟೋಕ್ಯಾಡ್ ಬಿದ್ದು ಹೋಗ್ತಿದೆ ಅಂದ್ರೆ ಮೊದಲು ಇಟ್ಟ ಕಾಪಿ ವಾಪಸ್ ಹಾಕಿ, ಆಗ್ಲಿಲ್ಲ ಅಂದ್ರೆ ಸ್ಟಾರ್ಟ್ ಮೆನುಲಿರೋ ರೀಸೆಟ್ ಸೆಟ್ಟಿಂಗ್ಸ್ ಟು ಡೀಫಾಲ್ಟ್, ಆದ್ರೆ ಅದನ್ನ ಒತ್ತಿದ್ರೆ ನೀವು ಮಾಡ್ಕೊಂಡ ಎಲ್ಲಾ ಬದಲಾವಣೆನೂ ಹೋಗುತ್ತೆ, ಬ್ಯಾಕಪ್ ತಗೋಳೋಕೆ ಅದೇ ಕೇಳಿದಾಗ ಹೂಂ ಅನ್ನಿ.

ಯಾರನ್ನಾದ್ರೂ ಕೇಳೋಕೆ ಹೋಗುವಾಗ 'ಬಟನ್ ಓಡ್ತಿಲ್ಲ' ಅಂತ ಫೋನಲ್ಲಿ ಫೋಟೋ ಹೊಡೆದು ಕಳಿಸ್ಬೇಡಿ. ಎಫ್2 ಒತ್ತಿ ಕೊನೇ ಹತ್ತು ಸಾಲು, ಮ್ಯಾಕ್ರೋ ಜಾಗದಲ್ಲಿರೋ ಅಕ್ಷರ ಅಕ್ಷರವೂ, ಆಟೋಕ್ಯಾಡಿನ ವರ್ಷನ್, ಫೈಂಡ್‌ಫೈಲ್ ಕೊಟ್ಟ ಉತ್ತರ, ಇಷ್ಟನ್ನ ಟೆಕ್ಸ್ಟ್ ಆಗಿ ಕಾಪಿ ಮಾಡಿ ಕಳಿಸಿ. ನಾನು ಹೀಗೆ ಕಳಿಸೋಕೆ ಕೂತಾಗ ಎಷ್ಟೋ ಸಲ ಮ್ಯಾಕ್ರೋ ಕಾಪಿ ಮಾಡ್ತಾ ಇರುವಾಗಲೇ ಆ ಎರಡನೇ ಸೆಮಿಕೋಲನ್ ಕಣ್ಣಿಗೆ ಬಿದ್ದು ಮೆಸೇಜ್ ಅಳಿಸಿದೀನಿ.